ಜ್ವರಕ್ಕೆ ಮಂಗಳೂರಿನ ಬಸ್ಸು ಯಾಕೆ?

ಘಟ್ಟದ ಮೇಲಿಂದ ಬಂದು ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಬದಿಯಡ್ಕದಲ್ಲಿ ಮನೆ ಮಾಡಿದ್ದೀರಿ, ಮಗುವಿಗೆ ಜ್ವರ ಬಂದರೆ ಮಂಗಳೂರಿಗೇ ಓಡಬೇಕಾ ಅಂತ ಕೇಳಿದಿರಿ. ಬೇಡ ಮಾರಾಯ್ರೆ. ನಮ್ಮವರಿಗೆ ಆ ಚಟ ಉಂಟು, ಒಪ್ಪುತ್ತೇನೆ. ಶೀತವಾದರೂ ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗಬೇಕು. 2020ರ ಮಾರ್ಚಿನಲ್ಲಿ ಕೊರೋನಾ ಅಂತ ಆ ಗಡಿಯನ್ನೇ ಮುಚ್ಚಿ, ಅಡ್ಡದಾರಿಗಳಿಗೂ ಮಣ್ಣು ಸುರಿದಾಗ ಊರಿನ ಸರಕಾರಿ ಆಸ್ಪತ್ರೆಯ ನೆನಪಾಯಿತು.

2017ರಿಂದ ಕೇರಳ ಸರಕಾರದ ಆರ್ದ್ರಂ ಯೋಜನೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಒಂದೊಂದಾಗಿ ‘ಕುಟುಂಬಾರೋಗ್ಯ ಕೇಂದ್ರ’ ಮಾಡುತ್ತ ಬಂದಿದ್ದಾರೆ. ಅಲ್ಲಿ ಸಂಜೆಯೂ ಒ.ಪಿ. ಉಂಟು. ಜ್ವರ, ಕೆಮ್ಮು, ಮಕ್ಕಳ ಚುಚ್ಚುಮದ್ದು, ಬಿ.ಪಿ., ಶುಗರು ಎಲ್ಲದಕ್ಕೂ ಮೊದಲು ಅಲ್ಲಿಗೇ ಹೋಗಿ. ನನ್ನ ಅಮ್ಮ ಹಳೆ ಚೀಟಿಗಳನ್ನೆಲ್ಲ ಬಟ್ಟೆಯಂಗಡಿಯ ತೊಟ್ಟೆಯಲ್ಲಿ ಸುತ್ತಿಟ್ಟುಕೊಂಡು ತಿಂಗಳು ತಿಂಗಳು ಹೋಗುತ್ತಾರೆ. ಹೋದ ಸಲ ಶುಗರು ಎಷ್ಟಿತ್ತು, ಯಾವ ಮಾತ್ರೆಗೆ ತಲೆ ತಿರುಗಿತ್ತು ಅಂತ ಅಲ್ಲಿಯವರಿಗೆ ಗೊತ್ತು. ಮಂಗಳೂರಿನಲ್ಲಾದರೆ ಪ್ರತಿ ಸಲ ಅ ಆ ಇ ಈಯಿಂದ ಶುರು ಮಾಡಬೇಕು.

ಮಳೆಗಾಲದಲ್ಲಿ ಮಾತ್ರ ಉದಾಸೀನ ಮಾಡಬೇಡಿ. ಅಡಿಕೆ ತೋಟದ ಕಣಿಯಲ್ಲಿ, ಅಂದರೆ ನೀರು ಹರಿಯುವ ಚರಂಡಿಯಲ್ಲಿ, ಬರಿಗಾಲಲ್ಲಿ ನಿಂತವರಿಗೆ ಜ್ವರದ ಜೊತೆ ಮೀನಖಂಡ ನೋವು ಬಂದರೆ ಅದು ಇಲಿಜ್ವರ ಇರಬಹುದು. ಪ್ಯಾರಾಸಿಟಮಾಲ್ ನುಂಗಿ ಮಲಗುವ ಕೆಲಸ ಅಲ್ಲ, ಅವತ್ತೇ ತೋರಿಸಬೇಕು. ನಾಯಿ ಕಚ್ಚಿದರೆ ಹರಿವ ನೀರು, ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಕೂಡಲೇ ಹೊರಡಿ. ಎದೆನೋವು, ಬಾಯಿ ಸೊಟ್ಟಗಾಗುವುದು, ಹಾವು ಕಚ್ಚುವುದು ಇವಕ್ಕೆ ಒ.ಪಿ. ಸಾಲಿನಲ್ಲಿ ನಿಲ್ಲಬೇಡಿ, 108ಕ್ಕೆ ಫೋನ್ ಮಾಡಿ ನೇರ ದೊಡ್ಡ ಆಸ್ಪತ್ರೆಗೆ.

ಇನ್ನು ಭಾಷೆ. ಕೇರಳದ ತೆಂಕಲಿಂದ ಬಂದ ಸಿಸ್ಟರುಗಳಿಗೆ ಕನ್ನಡ ಬರುವುದಿಲ್ಲ, ಫಲಕದಲ್ಲಿ ಕನ್ನಡ ಇದ್ದರೂ ಕೌಂಟರಿನಲ್ಲಿ ಇರುವುದಿಲ್ಲ. ನನಗೆ ಅದರ ಬಗ್ಗೆ ಸಿಟ್ಟು ಉಂಟು. ನಾಲ್ಕು ಮಲಯಾಳ ಶಬ್ದ ಕಲಿತಿರಿ, ಮೊದಲು ‘ಪನಿ’, ಅಂದರೆ ಜ್ವರ. ತುಳುವಿನಲ್ಲಿ ಪನಿ ಅಂದರೆ ಮಳೆಹನಿ. ಒಮ್ಮೆ ಹೊಸ ಸಿಸ್ಟರು ಅಮ್ಮನನ್ನು “ಪನಿಯುಂಡೋ?” ಅಂತ ಕೇಳಿದರು. ಅಮ್ಮ ಕಿಟಕಿಯಿಂದ ಹೊರಗೆ ಬಗ್ಗಿ ಆಕಾಶ ನೋಡಿ “ಇಜ್ಜಿ”, ಇಲ್ಲ ಅಂತ ತುಳುವಿನಲ್ಲೇ ಹೇಳಿ ತಲೆಯಾಡಿಸಿದರು. ಆಮೇಲೆ ಇಟ್ಟ ಥರ್ಮಾಮೀಟರಿನಲ್ಲಿ 102 ಇತ್ತು.