ಓದುಗರ ಪ್ರಶ್ನೆ: ಹಳೇ ಇಟ್ಟಂಗಿಯ ಮೇಲಿನ ಬೆರಳು

ಪ್ರಶ್ನೆ: ಬ್ರಿಟಿಷರ ಕಾಲದಲ್ಲಿ ನಮ್ಮ ಮುತ್ತಜ್ಜ ಕಟ್ಟಿಸಿದ ಮನೆಯ ಹಿತ್ತಲ ಗೋಡೆ ಕೆಡವುತ್ತಿದ್ದೇವೆ. ಕೆಲವು ಇಟ್ಟಂಗಿಗಳ ಮೇಲೆ ಬೆರಳಿನ ಗುರುತು, ಕೆಲವಕ್ಕೆ ಅಡ್ಡ ಪಟ್ಟೆ ಇವೆ. ಇವೇಕೆ? ಗುತ್ತಿಗೆದಾರರು ಎಲ್ಲವನ್ನೂ ಭರ್ತಿಗೆ ಹಾಕೋಣ ಅನ್ನುತ್ತಿದ್ದಾರೆ. ಮತ್ತೆ ಬಳಸಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಭರ್ತಿಗೆ ಹಾಕಬೇಡ್ರಿ. ನಮ್ಮದು ಧಾರವಾಡ ಕಡೆಯ ಕುಂಬಾರ ಮನೆತನ. ಅಜ್ಜ ಇಟ್ಟಂಗಿ ಕೊಯ್ಯುತ್ತಿದ್ದರು, ಅಂದರೆ ಹಸಿಮಣ್ಣನ್ನು ಅಚ್ಚಿಗೆ ಹಾಕಿ ತೆಗೆಯುತ್ತಿದ್ದರು; ನಾನು ಗೋಡೆ ಕಟ್ಟುವ ಗೌಂಡಿಯಾದೆ. ಇಂಥ ಇಟ್ಟಂಗಿ ಕೈಗೆ ಬಂದರೆ ನಾನು ಮೊದಲು ತಿರುಗಿಸಿ ನೋಡುವುದು ಆ ಬೆರಳನ್ನೇ.

ಅಚ್ಚಿನಿಂದ ಕಳಚಿದ ಹಸಿ ಇಟ್ಟಂಗಿಯನ್ನು ನೆಲದ ಮೇಲೆ ಅಂಗಾತ ಬಿಡುತ್ತಿದ್ದರು. ಒಂದೆರಡು ದಿನಕ್ಕೆ ತುಸು ಬಿಗಿಯಾದ ಮೇಲೆ ಮಗ್ಗಲಿಗೆ ನಿಲ್ಲಿಸಬೇಕು. ಅವಸರಕ್ಕೆ ಎತ್ತಿದರೆ ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಹೆಬ್ಬೆರಳು ಊರಿಬಿಡುತ್ತದೆ. ಗುರುತು ಸಣ್ಣದಿದ್ದರೆ ಹೆಣ್ಣುಮಗಳದೋ ಹುಡುಗರದೋ ಇರಬೇಕು, ಯಾಕೆಂದರೆ ಮನೆಮಂದಿಯೆಲ್ಲ ಇಟ್ಟಂಗಿ ಮಾಡುವ ಕಳದಲ್ಲೇ ದುಡಿಯುತ್ತಿದ್ದರು. ಗಂಡ ಅಚ್ಚು ಹಾಕಿದರೆ ಹೆಂಡತಿ ಮಣ್ಣು ಹೊತ್ತು ಕೊಡುವುದು, ಮಕ್ಕಳು ಮಗುಚುವುದು. ಸುಟ್ಟ ಇಟ್ಟಂಗಿಯೇ ಸುಮಾರು ಮೂರು ಕಿಲೋ, ಹಸಿಯದು ಇನ್ನೂ ಭಾರ. ದಿನಕ್ಕೆ ಸಾವಿರ ಕೊಯ್ದ ಜೋಡಿ ಎಷ್ಟು ಮಣ್ಣು ಎತ್ತಿತೆಂದು ನೀವೇ ಲೆಕ್ಕ ಹಾಕಿ. ಅವರ ಹೆಸರು ಎಲ್ಲೂ ಇಲ್ಲ. ಇಟ್ಟಂಗಿಯ ಮೈಮೇಲೆ ಅಚ್ಚಿನಿಂದ ಮೂಡಿದ ತಗ್ಗಿನಲ್ಲಿ ಅಕ್ಷರ ಇದ್ದರೂ ಅದು ಸಾಮಾನ್ಯವಾಗಿ ಇಟ್ಟಂಗಿ ಸುಡುವ ಭಟ್ಟಿಯ ಮಾಲೀಕನದು. ನನಗೆ ಇದು ಇವತ್ತಿಗೂ ಸಂಕಟದ ಮಾತು.

ಮಳೆಗಾಲ ಮುಗಿದ ಮೇಲೆ ಕೆಲಸ ಶುರು. ಹುಬ್ಬಳ್ಳಿಯಿಂದ ಮೂಡಣಕ್ಕೆ, ಗದಗ ಕಡೆಗೆ ಎರಿಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ. ಬರೀ ಎರಿಮಣ್ಣು ಒಣಗುವಾಗ ಸೀಳುತ್ತದೆ. ಅದಕ್ಕೆ ಮಸಾರಿ (ಕೆಂಪು ಮಣ್ಣು), ಉಸುಕು, ಬೂದಿ ಬೆರೆಸಿ, ರಾತ್ರಿಯಿಡೀ ನೆನೆಸಿ, ಕಾಲಿನಿಂದ ತುಳಿದು ಹದ ಮಾಡಬೇಕು. ತುಳಿಯುವಾಗ ಸುಣ್ಣದ ಹರಳು ಆರಿಸಿ ಒಗೆಯಬೇಕು. ಕಾಳಿನಷ್ಟು ಉಳಿದರೂ ಭಟ್ಟಿಯಲ್ಲಿ ಸುಟ್ಟ ಸುಣ್ಣವಾಗಿ, ಆಮೇಲೆ ನೀರು ಕುಡಿದು ಉಬ್ಬಿ ಇಟ್ಟಂಗಿಯ ಮೈ ಸಿಡಿಸುತ್ತದೆ. ನಿಮ್ಮವುಗಳಲ್ಲಿ ಬಿಳಿ ಕಾಳಿನ ಸುತ್ತ ಚಕ್ಕೆ ಎದ್ದಿದ್ದರೆ ಕಾರಣ ಇದೇ. ಭಟ್ಟಿಗೆ ಹಾಕುವ ಮುಂಚೆ ಅಕಾಲದ ಮಳೆ ಬಂದರೆ ಪೂರಾ ಕಳವೇ ಕೆಸರು. ಮುಂಗಡ ಇಸಕೊಂಡ ಮನೆಗಳು ಅದೇ ಸಾಲ ಹೊತ್ತು ಮತ್ತೆ ಮಣ್ಣಿಗೆ ಇಳಿಯುತ್ತಿದ್ದವು.

ಸದರ್ನ್ ಮರಾಠಾ ರೈಲ್ವೆ 1882ರಲ್ಲಿ ಹುಟ್ಟಿತು. ಆಮೇಲೆ ಹುಬ್ಬಳ್ಳಿಗೆ ಸ್ಟೇಶನ್, ವರ್ಕ್‌ಶಾಪ್, ಕ್ವಾರ್ಟರ್ಸ್ ಬಂದವು. ಆ ಕಾಲದ ಇಟ್ಟಂಗಿಯ ಇಂಗ್ಲಿಷ್ ಅಳತೆ ಉದ್ದ 9 ಇಂಚು, ಅಗಲ 4½, ದಪ್ಪ 3. ನಿಮ್ಮವಕ್ಕೂ ಟೇಪ್ ಹಿಡಿದು ನೋಡಿ. ಅಚ್ಚು ಇದಕ್ಕಿಂತ ಹತ್ತರಲ್ಲೊಂದು ಪಾಲು ದೊಡ್ಡದಿರುತ್ತಿತ್ತು, ಮಣ್ಣು ಒಣಗಿ ಬೆಂದಾಗ ಅಷ್ಟು ಕುಗ್ಗುತ್ತದೆ.

ಅಡ್ಡ ಪಟ್ಟೆ ಭಟ್ಟಿಯದು. ಇಟ್ಟಂಗಿಗಳನ್ನು ಸಂದು ಬಿಟ್ಟು ಒಂದರ ಮೇಲೊಂದು ಅಡ್ಡ ಪೇರಿಸುತ್ತಾರೆ. ಬೆಂಕಿ ಸಂದಿನಲ್ಲಿ ಆಡುತ್ತದೆ, ಮೇಲಿನದು ಕೂತ ಜಾಗಕ್ಕೆ ಮಾತ್ರ ತಾಗುವುದಿಲ್ಲ. ಅಲ್ಲಿ ಬಣ್ಣ ಬೇರೆ ಬರುತ್ತದೆ.

ಈಗ ಬಳಕೆಯ ಮಾತು. ಗೋಡೆಗೆ ಸುಣ್ಣದ ಗಚ್ಚು ಇದ್ದರೆ ಇಟ್ಟಂಗಿ ಮುರಿಯದೆ ಬಿಡಿಸಬಹುದು, ಅದೇ ನಿಮ್ಮ ಪುಣ್ಯ. ಎರಡನ್ನು ಒಂದಕ್ಕೊಂದು ಬಡಿಯಿರಿ. ಖಣ್ ಅಂದರೆ ಇಡಿ, ಮೊದ್ದ ಸದ್ದು ಬಂದರೆ ಬಿಡಿ. ಉಗುರಿನಿಂದ ಗೀರಿದರೆ ಪುಡಿ ಉದುರಬಾರದು. ಒಣಗಿದ್ದನ್ನು ತೂಗಿ, 24 ತಾಸು ನೀರಲ್ಲಿಟ್ಟು ಮತ್ತೆ ತೂಗಿ. ತೂಕ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಏರಿದರೆ ಗೋಡೆಗೆ ಬೇಡ. ತಳಪಾಯದ ಹತ್ತಿರದ, ಸವಳು (ಉಪ್ಪು) ಹಿಡಿದು ಬಿಳಿಚಿದವನ್ನೂ ಬೇರೆ ತೆಗೆಯಿರಿ. ಉಳಿದವನ್ನು ಸುಣ್ಣದ ಗಾರೆಯಲ್ಲೇ ಕಟ್ಟಿಸಿ. ಬಿರುಸು ಸಿಮೆಂಟು ಹಾಕಿದರೆ ನೀರಿನ ಪಸೆ ಸಂದಿನಿಂದ ಹೊರಗೆ ಹೋಗದೆ ಇಟ್ಟಂಗಿಯ ಮುಖವನ್ನೇ ಉದುರಿಸುತ್ತದೆ. ಕಟ್ಟುವ ಮುಂಚೆ ಚೆನ್ನಾಗಿ ನೆನೆಸಲು ಗೌಂಡಿಗೆ ಹೇಳಿ. ಬೆರಳು ಮೂಡಿದವನ್ನು ಗಿಲಾಯಿ (ಪ್ಲಾಸ್ಟರ್) ಮಾಡದ ಕಡೆಗೆ, ಗುರುತು ಹೊರಗೆ ಕಾಣುವಂತೆ ಇಡಿಸಿ.