ಮಕ್ಕಳ ಜೊತೆ ಬಾಸ್ ಫಿಶಿಂಗ್‌ಗೆ ಬೋಟ್ ಬೇಕಾ?

ಅಮೆರಿಕದ ಡಲ್ಲಾಸ್ ಹತ್ರ ಇದೀವಿ, 8 ವರ್ಷದ ಮಗ 5 ವರ್ಷದ ಮಗಳು, ವೀಕೆಂಡ್‌ಗೆ ಬಾಸ್ ಅನ್ನೋ ಮೀನು ಹಿಡಿಯೋಕೆ ಬೋಟ್ ಬಾಡಿಗೆಗೆ ತಗೊಳ್ಲಾ ಅಂತ ಕೇಳಿದೀರಲ್ಲ, ಮೊದಲ್ನೇ ಸಲಕ್ಕೆ ಬೋಟ್ ಬೇಡವೇ ಬೇಡ ಸರ್. ಆ ವಯಸ್ಸಿನವರು ಅರ್ಧ ಗಂಟೆಗೇ ಬೇಜಾರಾಗಿ ಎದ್ದು ಓಡಾಡ್ತಾರೆ, ದಡದಲ್ಲಿದ್ರೆ ಕಲ್ಲು ಆಯ್ಕೊಂಡಾದ್ರೂ ಆಡ್ತಾರೆ. ಸೀಡರ್ ಹಿಲ್ ಸ್ಟೇಟ್ ಪಾರ್ಕ್‌ಗೆ ಹೋಗಿ, ಜೋ ಪೂಲ್ ಲೇಕ್ ಅಲ್ಲೇ ಇದೆ, ಟೆಕ್ಸಸ್‌ನಲ್ಲಿ ಸ್ಟೇಟ್ ಪಾರ್ಕ್ ಒಳಗೆ ದಡದಿಂದ ಗಾಳ ಹಾಕೋಕೆ ನಿಮಗೂ ಲೈಸೆನ್ಸ್ ಬೇಡ, 17ರ ಒಳಗಿನ ಮಕ್ಕಳಿಗೆ ಹೇಗೂ ಎಲ್ಲೂ ಬೇಡ.

ಇನ್ನೊಂದು, ಹೋದ ತಕ್ಷಣ ಬಾಸ್‌ಗೇ ಅಂತ ಕೂರಬೇಡಿ. ಅದಕ್ಕೆ ಪ್ಲಾಸ್ಟಿಕ್ ಹುಳು ಎಸೆದು ಎಸೆದು ಎಳೀತಾನೇ ಇರ್ಬೇಕು, ಪುಟ್ಟ ಮಕ್ಕಳಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರ್ಬೇಕು. ಬಟನ್ ಒತ್ತಿದ್ರೆ ದಾರ ಬಿಡೋ ಸ್ಪಿನ್‌ಕಾಸ್ಟ್ ರೀಲ್, ಚಿಕ್ಕ ಕೊಕ್ಕೆಗೆ ಎರೆಹುಳದ ತುಂಡು, ಎರಡು ಮೂರು ಅಡಿ ಮೇಲೊಂದು ಬೆಂಡು, ಇಷ್ಟಿದ್ರೆ ಬ್ಲೂಗಿಲ್ ಅನ್ನೋ ಪುಟ್ಟ ಮೀನು ಕಚ್ಚುತ್ತೆ, ಬೆಂಡು ಗುಳುಕ್ ಅಂತ ಮುಳುಗಿದ್ರೆ ಸಾಕು ಮಕ್ಕಳು ಕುಣಿದಾಡ್ಬಿಡ್ತಾರೆ. ಬಾಸ್ ತಿನ್ನೋದೂ ಇದೇ ಬ್ಲೂಗಿಲ್‌ನ, ಹಾಗಾಗಿ ಅದಿರೋ ಜೊಂಡಿನ ಪಕ್ಕ, ಜೆಟ್ಟಿ ನೆರಳಲ್ಲಿ ಆಮೇಲೆ ಮಗನ ಕೈಲಿ ಬಾಸ್ ಟ್ರೈ ಮಾಡ್ಸಿ, ಬೆಳಿಗ್ಗೆ ಬೇಗ ಅಥವಾ ಸಂಜೆ.

ಕೊಕ್ಕೆಯ ಒಳಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡ್ಬಿಡಿ (ಇದನ್ನ ಮಾತ್ರ ಮರೀಬೇಡಿ, ಬೆರಳಿಗೆ ಚುಚ್ಚಿದ್ರೂ ಸುಲಭವಾಗಿ ಬರುತ್ತೆ), ಕಣ್ಣಿಗೆ ಕೂಲಿಂಗ್ ಗ್ಲಾಸ್ ಹಾಕ್ಸಿ, ದಡದಲ್ಲೂ ಲೈಫ್ ಜಾಕೆಟ್ ಇರ್ಲಿ. ಬಾಸ್ ಸಿಕ್ರೆ ಕೈ ಒದ್ದೆ ಮಾಡ್ಕೊಂಡು ಹಿಡಿದು ಫೋಟೋ ತಗೊಂಡು ಬೇಗ ನೀರಿಗೆ ಬಿಡಿ. ಮನೆಗೆ ತರೋದಾದ್ರೆ ಲಾರ್ಜ್‌ಮೌತ್ (ಬಾಸ್‌ನಲ್ಲೇ ಒಂದು ಜಾತಿ) ಸಾಮಾನ್ಯವಾಗಿ 14 ಇಂಚಾದ್ರೂ ಇರ್ಬೇಕು, ಕೆಲವು ಲೇಕ್‌ಗೆ ಬೇರೆ ರೂಲ್ಸ್ ಇದೆ, ಗೇಟ್‌ನಲ್ಲಿ ಕೇಳ್ಕೊಳ್ಳಿ.