ಹೋಗಲು ಎಂಟು ತಾಸು, ಬರಲು ಹತ್ತು

ಪ್ರಶ್ನೆ: ನನ್ನ ಮಗ ಟೋಕಿಯೋದಲ್ಲಿ ಕೆಲಸದಲ್ಲಿದ್ದಾನೆ. ಈ ಚಳಿಗಾಲದ ಅವನ ಟಿಕೆಟ್ಟಿನ ಪ್ರಕಾರ ಬೆಂಗಳೂರಿನಿಂದ ನಸುಕಿನ 2 ಗಂಟೆಗೆ ಹೊರಡುವ ನೇರ ವಿಮಾನ ಮಧ್ಯಾಹ್ನ 1.30ಕ್ಕೆ ಅಲ್ಲಿ ಇಳಿಯುತ್ತದೆ. ಸಂಜೆ 6ಕ್ಕೆ ಅಲ್ಲಿಂದ ಹೊರಟದ್ದು ರಾತ್ರಿ 12.30ಕ್ಕೆ ಬೆಂಗಳೂರು ಮುಟ್ಟುತ್ತದೆ. ಅಂದರೆ ಹೋಗಲು ಹನ್ನೊಂದೂವರೆ ತಾಸು, ಬರಲು ಆರೂವರೆ. ಆದರೆ ಬರುವಾಗಲೇ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ಅವನ ವಾದ. ಯಾವುದು ಸರಿ? ಅಂತರವೆಷ್ಟು?
– ಓದುಗರೊಬ್ಬರು, ಗದಗ

ಉತ್ತರ: ನಿಮ್ಮ ಮಗನ ಮಾತೇ ಸರಿ. ಟಿಕೆಟ್ಟಿನಲ್ಲಿ ಹೊರಡುವ ವೇಳೆ ಹೊರಡುವ ಊರಿನದು, ಇಳಿಯುವ ವೇಳೆ ಇಳಿಯುವ ಊರಿನದು. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ತಾಸು ಮುಂದಿರುವುದರಿಂದ ಹೋಗುವ ಲೆಕ್ಕದಲ್ಲಿ ಅಷ್ಟನ್ನು ಕಳೆದು, ಬರುವ ಲೆಕ್ಕಕ್ಕೆ ಅಷ್ಟನ್ನೇ ಕೂಡಿಸಬೇಕು. ಆಗ ಹೋಗಲು ಎಂಟು ತಾಸು, ಬರಲು ಹತ್ತು ತಾಸು ಆಗುತ್ತದೆ.

ಬೆಂಗಳೂರಿನಿಂದ ಟೋಕಿಯೋದ ನರೀತಾ ನಿಲ್ದಾಣಕ್ಕೆ ಭೂಮಿಯ ದುಂಡುಮೈಯ ಮೇಲೆ ಅಳೆದರೆ ಸುಮಾರು 6,700 ಕಿ.ಮೀ. ಶಾಲೆಯ ಭೂಗೋಳದ ಮೇಲೆ ಎರಡೂ ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿದು ನೋಡಿ: ಗೋಡೆಯ ನಕಾಶೆಯಲ್ಲಿ ಗೆರೆ ಎಳೆದಾಗ ಕಾಣುವುದಕ್ಕಿಂತ ಉತ್ತರಕ್ಕೆ ಬಾಗಿ, ಅದು ಬಂಗಾಳ ಕೊಲ್ಲಿ, ಮ್ಯಾನ್ಮಾರ್, ದಕ್ಷಿಣ ಚೀನಾಗಳನ್ನು ದಾಟುತ್ತದೆ. ವಿಮಾನಗಳು ಗೊತ್ತುಪಡಿಸಿದ ವಾಯುಮಾರ್ಗಗಳಲ್ಲಿಯೇ ಹಾರಬೇಕಾದ್ದರಿಂದ ನಿಜವಾಗಿ ಕ್ರಮಿಸುವ ದೂರ ತುಸು ಹೆಚ್ಚೇ.

ಇನ್ನು ಎರಡು ತಾಸಿನ ವ್ಯತ್ಯಾಸ ಗಾಳಿಯದು. ಆಷಾಢದಲ್ಲಿ ಅಣ್ಣಿಗೇರಿ ಮೇಲೆ ಹಾಯ್ದು ಹುಬ್ಬಳ್ಳಿಗೆ ಬೈಕಿನಲ್ಲಿ ಹೋಗುವಾಗ ಎದೆಗೆ ಒತ್ತುವ ಪಡುವಣ ಗಾಳಿ, ಗದಗಿಗೆ ಮರಳುವಾಗ ಬೆನ್ನನ್ನು ತಳ್ಳುವುದು ನಿಮಗೆ ಗೊತ್ತಿರುವುದೇ. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿಯೂ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಗಾಳಿಯೊಂದಿದೆ. ಅದಕ್ಕೆ ಜೆಟ್ ಸ್ಟ್ರೀಮ್ ಎಂದು ಹೆಸರು. ಚಳಿಗಾಲದಲ್ಲಿ ಅದು ಹಿಮಾಲಯದ ದಕ್ಷಿಣಕ್ಕೆ ಸರಿದು, ಚೀನಾ ದಾಟಿ ಜಪಾನಿನ ಮೇಲೆ ಬರುವಷ್ಟರಲ್ಲಿ ಕೆಲವೊಮ್ಮೆ ತಾಸಿಗೆ 300 ಕಿ.ಮೀ. ಮೀರಿದ ವೇಗ ಪಡೆಯುತ್ತದೆ. ವಿಮಾನ ತನ್ನ ಸುತ್ತಲಿನ ಗಾಳಿಯೊಳಗೆ ಎರಡೂ ಸಲ ತಾಸಿಗೆ ಸುಮಾರು 900 ಕಿ.ಮೀ. ವೇಗದಲ್ಲಿಯೇ ಹಾರುತ್ತದೆಯಾದರೂ, ಆ ಗಾಳಿಯೇ ಸರಿಯುತ್ತಿರುವಾಗ ನೆಲದ ಮೇಲಿನ ವೇಗ ಹೋಗುವಾಗ ಏರಿ, ಬರುವಾಗ ಇಳಿಯುತ್ತದೆ. ಬೇಸಿಗೆ, ಮಳೆಗಾಲಗಳಲ್ಲಿ ಈ ಗಾಳಿ ಉತ್ತರಕ್ಕೆ ಸರಿದು ಸೊರಗುವುದರಿಂದ ಮರುಪಯಣದ ಅವಧಿಯೂ ಕಡಿಮೆಯಾಗುತ್ತದೆ.

ಈ ಗಾಳಿಯನ್ನು 1920ರ ದಶಕದಲ್ಲಿ ಬಲೂನು ಹಾರಿಸಿ ಅಳೆದವರು ಟೋಕಿಯೋ ಸಮೀಪದ ತತೇನೋ ವೀಕ್ಷಣಾಲಯದ ವಾಸಾಬುರೋ ಓಯಿಶಿ. ಜಗತ್ತೆಲ್ಲ ಓದಲಿ ಎಂದು ಅವರು ತಮ್ಮ ವರದಿಯನ್ನು ಎಲ್ಲ ದೇಶದವರಿಗೂ ಸಮಾನವಾಗಿರಲೆಂದು ಹೊಸದಾಗಿ ಕಟ್ಟಿದ ಎಸ್ಪೆರಾಂಟೊ ಎಂಬ ಭಾಷೆಯಲ್ಲಿ ಬರೆದರು. ಪಾಪ, ಹೊರದೇಶದವರು ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ. 1944ರಲ್ಲಿ ಜಪಾನಿನ ಮೇಲೆ ಎರಗಿದ ಅಮೆರಿಕದ ಬಿ-29 ವಿಮಾನಗಳ ಬಾಂಬುಗಳು ಇದೇ ಗಾಳಿಯ ದೆಸೆಯಿಂದ ಗುರಿ ತಪ್ಪಿದವು.

ಮುಂದಿನ ಸಲ ನಿಮ್ಮ ಮಗನಿಗೆ ಆಸನದ ಮುಂದಿನ ಪರದೆಯಲ್ಲಿ ಕಾಣುವ ನೆಲವೇಗವನ್ನು ಜಪಾನಿನ ಹತ್ತಿರ ಎರಡೂ ಸಲ ಬರೆದಿಟ್ಟುಕೊಳ್ಳಲು ಹೇಳಿರಿ. ಒಂದರಿಂದ ಇನ್ನೊಂದನ್ನು ಕಳೆದು ಅರ್ಧ ಮಾಡಿದರೆ ಗಾಳಿಯ ವೇಗ ಹೆಚ್ಚುಕಡಿಮೆ ಸಿಗುತ್ತದೆ.